ವಿದ್ಯಾಲಯವೂ ಊರಿನ ಋಣವೂ

ಅನ್ನದಾನವು ಒಂದು ಹೊತ್ತಿನ ಹಸಿವೆಯನ್ನು ಹಿಂಗಿಸುವದು, ವಿದ್ಯಾದಾನವು ಜನ್ಮದ ಹಸಿವೆಯನ್ನು ಹಿಂಗಿಸುವದು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಈ ಮಾತಿನಲ್ಲಿ ಸಂದೇಹವಿಲ್ಲ. ಆದರೆ ಅನ್ನವನ್ನುಂಡವನು ಉಣಿಸಿದವನನ್ನು ಮರೆಯದಿರುವದು ಹೇಗೆ ಧರ್ಮವೋ ಹಾಗೆಯೇ ವಿದ್ಯೆಯನ್ನು ಪಡೆದವನು ಆ ವಿದ್ಯೆಯ ವೆಚ್ಚವನ್ನು ಹೊತ್ತವರನ್ನು ಮರೆಯದಿರುವದೂ ಧರ್ಮವಾಗಿರುತ್ತದೆ. ಕೆರೆ ತುಂಬಿತೆಂದು ಊರವರು ಹಿಗ್ಗುವದು ತೂಬನ್ನೆತ್ತಿದರೆ ಕೆಳಗಿನ ಗದ್ದೆಗಳಿಗೆಲ್ಲ ಆ ನೀರು ಹರಿಯುವದೆಂಬ ನೆಚ್ಚಿಕೆಯಿಂದ. ವಿದ್ಯಾಲಯವೆಂಬ ಕೆರೆಗೂ ಒಂದು ತೂಬು ಬೇಕು. ಆ ತೂಬಿಗೆ ಈಗಿನವರು ಸಮಾಜಸೇವೆಯೆಂದು ಹೆಸರಿಟ್ಟಿರುವರು. ಹಿಂದಿನವರು ದಾಸೋಹವೆಂದು ಕರೆದರು.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಮೂರು ತಾಲೂಕುಗಳ ಸೀಮೆಯಲ್ಲಿ ಈಗ ಕಾಲೇಜುಗಳಿಗೆ ಕೊರತೆಯಿಲ್ಲ. ಹಲಗೇರಿಯಂಥ ಊರಿನ ಒಕ್ಕಲಿಗನ ಮಗನೂ ಮಗಳೂ ಮುಂಜಾನೆ ಮನೆಯ ರೊಟ್ಟಿಯನ್ನು ಕಟ್ಟಿಕೊಂಡು ಹೋಗಿ ಪದವಿಯ ಪಾಠವನ್ನು ಕೇಳಿ ಸಂಜೆಗೆ ಮನೆಗೆ ಮರಳುವ ಕಾಲವು ಬಂದಿದೆ. ಈ ಕಾಲೇಜುಗಳು ವರ್ಷಕ್ಕೊಮ್ಮೆ ಊರುಗಳಿಗೆ ಬಂದು ಶಿಬಿರ ಹೂಡುವದನ್ನೂ, ಗಿಡ ನೆಡುವದನ್ನೂ, ಗಟಾರ ಬಳಿಯುವದನ್ನೂ ಭಕ್ತಮಹಾಶಯರೆಲ್ಲರೂ ಕಂಡಿರುವರು. ಈ ಸೇವೆಯು ಎಲ್ಲಿಂದ ಬಂದಿತು, ಒಂದು ವರ್ಷದಲ್ಲಿ ಅದರ ಅಳತೆ ಎಷ್ಟು, ಅದು ನಿಜವಾಗಿ ಊರಿಗೆ ಮುಟ್ಟುವ ಬಗೆ ಯಾವುದು ಎಂಬ ಮೂರು ವಿಷಯಗಳನ್ನು ಈ ಲೇಖನದಲ್ಲಿ ವಿಚಾರಿಸುವದಿದೆ. ಮಠದ ಉತ್ಸವದ ಸಂಪುಟದಲ್ಲಿ ಕಾಲೇಜಿನ ಮಾತೇಕೆಂದು ಯಾರಿಗಾದರೂ ತೋರಿದರೆ, ಮುಂದಿನ ಇತಿಹಾಸವೇ ಅದಕ್ಕೆ ಉತ್ತರವಾಗಿರುತ್ತದೆ.

ಬಳ್ಳಿಗಾವೆಯ ಶಾಸನ

ನಮ್ಮ ಸೀಮೆಯ ದಕ್ಷಿಣಕ್ಕೆ, ಶಿಕಾರಿಪುರ ತಾಲೂಕಿನಲ್ಲಿ ಬಳ್ಳಿಗಾವೆಯಿದೆ. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವು 12ನೆಯ ಶತಮಾನದಲ್ಲಿ ಕಾಳಾಮುಖ ಆಚಾರ್ಯರ ಆಡಳಿತದಲ್ಲಿ ದೊಡ್ಡ ವಿದ್ಯಾಸ್ಥಾನವಾಗಿ ಮೆರೆಯಿತು. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಆ ಮಠದಲ್ಲಿ ನಡೆಯುತ್ತಿದ್ದ ಕಾರ್ಯಗಳನ್ನು ಒಂದೊಂದಾಗಿ ಹೇಳುತ್ತದೆ. ಅಂಗಗಳೊಡನೆ ನಾಲ್ಕು ವೇದಗಳು, ಪಾಣಿನೀಯವೇ ಮೊದಲಾದ ವ್ಯಾಕರಣಗಳು, ದರ್ಶನಶಾಸ್ತ್ರಗಳು, ಲಾಕುಲ ಸಿದ್ಧಾಂತ, ಪಾತಂಜಲ ಯೋಗ, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ ಇವುಗಳೆಲ್ಲವನ್ನು ಅಲ್ಲಿ ಓದಿಸುತ್ತಿದ್ದರು.

ಇಷ್ಟನ್ನೇ ಹೇಳಿದ್ದರೆ ಅದು ಪಂಡಿತರ ಹೊಗಳಿಕೆಯೆಂದು ನಾವು ಮುಂದೆ ಸಾಗಬಹುದಾಗಿತ್ತು. ಆದರೆ ಶಾಸನವು ಅಷ್ಟಕ್ಕೆ ನಿಲ್ಲದೆ, ಅದೇ ಉಸಿರಿನಲ್ಲಿ, ಅದೇ ಮಠವು ದೀನರಿಗೂ ಅನಾಥರಿಗೂ ಕುಂಟರಿಗೂ ಕುರುಡರಿಗೂ ಕಿವುಡರಿಗೂ ಅನ್ನವಿಕ್ಕುವ ಸ್ಥಾನವೆಂದೂ, ನಾನಾ ವಿಧದ ರೋಗಿಗಳಿಗೆ ಚಿಕಿತ್ಸೆ ಮಾಡುವ ಸ್ಥಾನವೆಂದೂ, ಸಕಲ ಪ್ರಾಣಿಗಳಿಗೆ ಅಭಯವನ್ನೀಯುವ ಸ್ಥಾನವೆಂದೂ ಹೇಳುತ್ತದೆ. ವಾಚಕರು ಇದನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ವ್ಯಾಕರಣವನ್ನು ಓದಿಸುವದು ಮುಖ್ಯ, ಹಸಿದವನಿಗೆ ಉಣಿಸುವದು ಬಿಡುವಿನ ಕೆಲಸ ಎಂಬ ಭೇದವು ಅಲ್ಲಿ ಕಾಣುವದಿಲ್ಲ. ಎರಡೂ ಒಂದೇ ಸಂಸ್ಥೆಯ ಎರಡು ಕೈಗಳು. ಎರಡಕ್ಕೂ ಭೂಮಿಯ ಉತ್ಪನ್ನದ ಆಧಾರವಿತ್ತು; ಆ ಭೂಮಿಯನ್ನುಳುವ ಒಕ್ಕಲಿನ ಬೆವರೇ ವಿದ್ಯಾರ್ಥಿಯ ಅನ್ನವೂ ರೋಗಿಯ ಔಷಧವೂ ಆಗುತ್ತಿತ್ತು. ಎಂಟುನೂರು ವರ್ಷಗಳ ಮೇಲೆ ನಮ್ಮ ವಿಶ್ವವಿದ್ಯಾಲಯಗಳು ಹೊಸದಾಗಿ ಕಂಡುಹಿಡಿದಂತೆ ಹೇಳುತ್ತಿರುವ ತತ್ತ್ವವು ನಮ್ಮ ನೆರೆಯ ಊರಿನ ಕಲ್ಲಿನ ಮೇಲೆ ಕೊರೆದು ನಿಂತಿದೆ.

ದೂರದ ಕಾಲೇಜು, ಹತ್ತಿರದ ಜೋಳಿಗೆ

ಈ ಪರಂಪರೆಯು ನಡುವೆ ಕಡಿದು ಹೋಯಿತು. ಇಂಗ್ಲಿಷರ ಆಳಿಕೆಯಲ್ಲಿ ನಮ್ಮ ಮೂರು ತಾಲೂಕುಗಳು ಧಾರವಾಡ ಜಿಲ್ಲೆಯೊಳಗಾಗಿ ಮುಂಬಯಿ ಇಲಾಖೆಗೆ ಸೇರಿದವು. ಸರಕಾರದ ಕನ್ನಡ ಸಾಲೆಗಳು ಅಲ್ಲಲ್ಲಿ ಹುಟ್ಟಿದವು ನಿಜ. ಆದರೆ ಪದವಿಯ ವಿದ್ಯೆಯನ್ನು ಬಯಸಿದವನು ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅಲ್ಲಿಯವರೆಗೆ ರಾಣೇಬೆನ್ನೂರಿನ ಒಬ್ಬ ಹುಡುಗನಿಗೆ ಕಾಲೇಜೆಂದರೆ ಬೇರೆ ಭಾಷೆಯ ಪಟ್ಟಣ, ಕಾಣದ ಮುಖಗಳು, ಹೊಲವನ್ನು ಒತ್ತೆಯಿಟ್ಟರೂ ಪೂರೈಸದ ವೆಚ್ಚ. ಒಕ್ಕಲುತನವನ್ನೂ ವ್ಯಾಪಾರವನ್ನೂ ನಂಬಿದ ನಮ್ಮ ಸಮಾಜದಲ್ಲಿ ಅಂಥ ಸಾಹಸಕ್ಕೆ ಕೈಹಾಕಿದವರು ಎಷ್ಟು ವಿರಳವೆಂಬುದನ್ನು ಹೇಳಬೇಕಾಗಿಲ್ಲ.

ಈ ಸ್ಥಿತಿಯನ್ನು ಕಂಡು ಮೊದಲು ಮರುಗಿದವರಲ್ಲಿ ಅರಟಾಳ ರುದ್ರಗೌಡರೂ ಗಿಲಗಂಚಿ ಗುರುಸಿದ್ಧಪ್ಪನವರೂ ಸ್ಮರಣೀಯರು. ಬಡ ವಿದ್ಯಾರ್ಥಿಗಳಿಗೆ ನೆರವಾಗಬೇಕೆಂದು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ತಲೆಯೆತ್ತಿತು. ಶಿರಸಂಗಿಯ ಲಿಂಗರಾಜ ದೇಸಾಯಿಯವರು (1861-1906) ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳ ಹಿತಕ್ಕೆಂದು ಬರೆದಿಟ್ಟರು. ಒಬ್ಬ ಸಂಸ್ಥಾನಿಕನ ಉಯಿಲು ನೂರಾರು ಬಡ ಮನೆಗಳ ಭಾಗ್ಯವನ್ನು ತಿದ್ದಿದ ಉದಾಹರಣೆಯಿದು.

ಆದರೆ ದೊಡ್ಡವರ ದಾನದಿಂದಷ್ಟೇ ಈ ಕಾರ್ಯವು ಸಾಗಲಿಲ್ಲ. ರಾಣೇಬೆನ್ನೂರು ತಾಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ 1867ರಲ್ಲಿ ಹುಟ್ಟಿದ ಒಬ್ಬ ಬಾಲಕನು ಮುಂದೆ ಹಾನಗಲ್ಲ ವಿರಕ್ತಮಠದ ಕುಮಾರ ಮಹಾಸ್ವಾಮಿಗಳೆಂದು ನಾಡಿಗೆಲ್ಲ ವಂದ್ಯನಾದನು. ಅವರ ಪ್ರೇರಣೆಯಿಂದ 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯು ಹುಟ್ಟಿತು. 1909ರಲ್ಲಿ ಬದಾಮಿಯ ಬಳಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವು ನೆಲೆಗೊಂಡಿತು. ಮಠಾಧಿಪತಿಯಾಗಬೇಕಾದವನು ಮೊದಲು ಓದಿದವನೂ ಯೋಗಸಾಧಕನೂ ಸಮಾಜದ ಸೇವಕನೂ ಆಗಬೇಕೆಂಬುದೇ ಅವರ ಹಟವಾಗಿತ್ತು. 1930ರಲ್ಲಿ ಲಿಂಗೈಕ್ಯರಾಗುವವರೆಗೆ ಅವರು ಜೋಳಿಗೆಯನ್ನು ಹೆಗಲಿನಿಂದ ಇಳಿಸಲಿಲ್ಲ. ಆ ಜೋಳಿಗೆಯಲ್ಲಿ ಸಾಹುಕಾರನ ನಾಣ್ಯವೂ ಬಿತ್ತು. ವಿಧವೆಯೊಬ್ಬಳ ಹಿಡಿ ಜೋಳವೂ ಬಿತ್ತು. ಎರಡರ ತೂಕವನ್ನು ಶಿವನು ಒಂದೇ ತಕ್ಕಡಿಯಲ್ಲಿ ನೋಡಿದನೆಂದು ನಂಬುವವರು ನಾವು.

ಆ ಜೋಳಿಗೆಯ ಫಲಗಳಲ್ಲೊಂದನ್ನು ಇಲ್ಲಿ ಹೇಳದಿರಲಾಗದು. ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ, ಕಣ್ಣಿಲ್ಲದ ಬಾಲಕನೊಬ್ಬನು ಕುಮಾರ ಮಹಾಸ್ವಾಮಿಗಳ ಆಶ್ರಯದಲ್ಲಿ ಸಂಗೀತವನ್ನು ಕಲಿತು ಗಾನಯೋಗಿ ಪಂಚಾಕ್ಷರ ಗವಾಯಿಗಳಾದನು. ಅವರು 1944ರಲ್ಲಿ ಲಿಂಗೈಕ್ಯರಾಗುವವರೆಗೆ ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಗದಗಿನ ವೀರೇಶ್ವರ ಪುಣ್ಯಾಶ್ರಮವು ಆ ಸಾಧನೆಯ ನೆಲೆಯಾಯಿತು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914-2010) ಅದನ್ನು ಬೆಳಗಿಸಿದರು. ಬಳ್ಳಿಗಾವೆಯ ಶಾಸನವು ಹೇಳಿದ ಅಂಧನಿಗೆ ಇಲ್ಲಿ ಅನ್ನದೊಡನೆ ವಿದ್ಯೆಯೂ ದೊರಕಿತು. ದಾನ ಪಡೆದವನೇ ದಾನ ಕೊಡುವ ಗುರುವಾದನು. ಋಣವು ತೀರುವ ಬಗೆ ಇದು.

ಕಾಳಿನಿಂದ ಕಟ್ಟಿದ ಕಾಲೇಜು

1916ನೆಯ ಇಸವಿಯ ನವೆಂಬರ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯು ಆರಂಭವಾಯಿತು. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ಏಳು ಮಂದಿ ಶಿಕ್ಷಕರು ಹೆಚ್ಚಿನ ಸಂಬಳದ ಆಶೆಯನ್ನು ತೊರೆದು ಆಜೀವ ಸೇವೆಗೆ ನಿಂತುದರಿಂದ ಜನರು ಅವರನ್ನು ಸಪ್ತರ್ಷಿಗಳೆಂದು ಕರೆದರು. ಸಂಸ್ಥೆಯ ಮೊದಲ ಸಾಲೆಗೆ ಗಿಲಗಂಚಿ ಮತ್ತು ಅರಟಾಳ ಎಂಬ ಎರಡು ಹೆಸರುಗಳನ್ನು ಇಟ್ಟದ್ದು ಹಿಂದಿನವರ ಋಣದ ನೆನಪಿಗಾಗಿಯೇ. 1933ರಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜು ತೆರೆಯಿತು. ಅದರ ಹೆಸರೂ ಶಿರಸಂಗಿಯ ದೇಸಾಯಿಯವರದು. ಮುಂದೆ ಇದೇ ಸಂಸ್ಥೆಯು ಹಾವೇರಿಯಲ್ಲಿ ಗುದ್ಲೆಪ್ಪ ಹಳ್ಳಿಕೇರಿ ಕಾಲೇಜನ್ನೂ ರಾಣೇಬೆನ್ನೂರಿನಲ್ಲಿ ಮಹಿಳೆಯರ ವಿದ್ಯೆಗಾಗಿ ರಾಜರಾಜೇಶ್ವರಿ ಕಾಲೇಜನ್ನೂ ನಡೆಸತೊಡಗಿತು.

ಕಾಲೇಜು ಕಟ್ಟಿದರೆ ಸಾಲದು. ಹಳ್ಳಿಯಿಂದ ಬಂದ ಹುಡುಗನು ಎಲ್ಲಿ ಉಣಬೇಕು, ಎಲ್ಲಿ ಮಲಗಬೇಕು? ಈ ಪ್ರಶ್ನೆಗೆ ಉತ್ತರ ಕೊಟ್ಟವು ಮಠಗಳು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಸ್ವಾಮಿಗಳು ನಡೆಸಿದ ಪ್ರಸಾದನಿಲಯದಲ್ಲಿ ಉಂಡು ಓದಿದವರು ನ್ಯಾಯಾಧೀಶರೂ ಪ್ರಾಧ್ಯಾಪಕರೂ ಮಂತ್ರಿಗಳೂ ಆದರು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು (1907-2019) ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳಿಗೆ ನಿತ್ಯವೂ ಅನ್ನವಿಕ್ಕಿದರು. ಸುಗ್ಗಿಯ ಕಾಲಕ್ಕೆ ಬಂಡಿಯಲ್ಲಿ ಮಠಕ್ಕೆ ಹೋದ ಜೋಳ, ಪೇಟೆಯ ಅಂಗಡಿಗಳಲ್ಲಿ ಧರ್ಮಾದಾಯವೆಂದು ತೆಗೆದಿಟ್ಟ ದುಡ್ಡು, ಮನೆಮನೆಯ ಹಿಡಿಯಕ್ಕಿ ಇವುಗಳಿಂದ ಆ ಅಡಿಗೆಮನೆಗಳ ಒಲೆ ಆರದೆ ಉರಿಯಿತು.

ಆದುದರಿಂದ ನಮ್ಮ ಭಾಗದ ಕಾಲೇಜನ್ನು ಯಾರು ಕಟ್ಟಿದರೆಂದು ಕೇಳಿದರೆ, ಶಿಲಾಫಲಕದ ಮೇಲಿನ ಹೆಸರುಗಳನ್ನು ಓದಿ ಸುಮ್ಮನಾಗುವದು ಅಪೂರ್ಣವಾದ ಉತ್ತರವು. ಫಲಕದ ಮೇಲೆ ಬಾರದ ಹೆಸರುಗಳೇ ಹೆಚ್ಚು. ತನ್ನ ಹೆಸರನ್ನು ಬರೆಯಲೂ ಬಾರದಿದ್ದ ಒಕ್ಕಲಿಗನು, ಕಾಲೇಜಿನ ಬಾಗಿಲನ್ನು ಒಂದು ದಿನವೂ ತುಳಿಯದ ತಾಯಿಯು, ತಮ್ಮ ಮಕ್ಕಳಿಗಲ್ಲದಿದ್ದರೆ ನೆರೆಯವರ ಮಕ್ಕಳಿಗಾದರೂ ವಿದ್ಯೆ ಬರಲೆಂದು ಕೊಟ್ಟ ಕಾಳು ಆ ಗೋಡೆಗಳೊಳಗೆ ಸೇರಿದೆ. ಕಾಲೇಜು ಊರಿಗೆ ಮಾಡುವ ಸೇವೆಯನ್ನು ಉಪಕಾರವೆಂದು ತಿಳಿಯುವದು ಇದರಿಂದ ಸರ್ವಥಾ ತಪ್ಪಾಗುತ್ತದೆ. ಅದು ಸಾಲದ ಮರುಪಾವತಿ. ಅದೂ ಬಡ್ಡಿಯನ್ನು ಎಂದೂ ಕೇಳದ ಸಾಹುಕಾರನ ಸಾಲ.

ಸೇವೆಯು ಸರಕಾರದ ಯೋಜನೆಯಾದುದು

ವಿದ್ಯಾವಂತನು ಹಳ್ಳಿಗೆ ಇಳಿದು ದುಡಿಯಬೇಕೆಂಬ ಮಾತಿಗೆ ದೇಶದಲ್ಲೆಲ್ಲ ಬಲವು ಬಂದದ್ದು ಮಹಾತ್ಮಾ ಗಾಂಧಿಯವರಿಂದ. ನಮ್ಮ ಸೀಮೆಯಲ್ಲಿ ಅದಕ್ಕೆ ರಕ್ತದ ಸಾಕ್ಷಿಯಿದೆ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧಿಯವರ ಸಂಗಡ ದಂಡಿಯವರೆಗೆ ನಡೆದ ಕನ್ನಡಿಗರು. ತಿರುಗಿ ಬಂದ ಮೇಲೆ ಅವರು ಯಾವ ಪದವಿಯನ್ನೂ ಬೇಡದೆ ಕೊರಡೂರಿನಲ್ಲಿ ಸೇವಾಶ್ರಮವನ್ನು ಹೂಡಿ ಹಳ್ಳಿಯ ಜನರ ನಡುವೆ ಬಾಳಿದರು. 1943ನೆಯ ಇಸವಿಯ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರೊಡನೆ ಅವರು ಪೋಲೀಸರ ಗುಂಡಿಗೆ ಬಲಿಯಾದರು.

ಸ್ವಾತಂತ್ರ್ಯವು ಬಂದ ಮೇಲೆ, ಡಾಕ್ಟರ ರಾಧಾಕೃಷ್ಣನ್ನರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು (1948-49) ವಿದ್ಯಾರ್ಥಿಗಳ ಸ್ವಯಂಸೇವೆಯ ವಿಚಾರವನ್ನು ಸರಕಾರದ ಮುಂದಿಟ್ಟಿತು. 1959ರಲ್ಲಿ ಸಿ. ಡಿ. ದೇಶಮುಖರ ಸಮಿತಿಯೂ, 1964ರಿಂದ 1966ರವರೆಗೆ ಕೊಠಾರಿ ಆಯೋಗವೂ ಅದನ್ನು ತೂಗಿ ನೋಡಿದವು. ಕೊನೆಗೆ ಗಾಂಧಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, 1969ರ ಸಪ್ಟೆಂಬರ 24ರಂದು, ಆಗಿನ ಕೇಂದ್ರ ಶಿಕ್ಷಣಮಂತ್ರಿಗಳಾದ ಡಾಕ್ಟರ ವಿ. ಕೆ. ಆರ್. ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ಆಗ ಸೇರಿದ ವಿದ್ಯಾರ್ಥಿಗಳು ಸುಮಾರು 40,000 ಮಂದಿ. ರಾವ್ ಅವರು ಲೋಕಸಭೆಗೆ ಬಳ್ಳಾರಿಯಿಂದ ಆಯ್ಕೆಯಾದವರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಕೋನಾರ್ಕದ ಸೂರ್ಯದೇವಾಲಯದ ರಥಚಕ್ರವು ಆ ಯೋಜನೆಯ ಚಿಹ್ನೆ; ನಾನಲ್ಲ, ನೀನು ಎಂಬುದು ಅದರ ಧ್ಯೇಯದ ಸಾರ.

ಇದಕ್ಕೆ ಮುಂಚೆಯೇ ಇನ್ನೊಂದು ಪ್ರಯತ್ನವೂ ನಡೆದಿತ್ತು. ಹಳ್ಳಿಯ ತರುಣರಿಗೆ ಹಳ್ಳಿಯಲ್ಲಿಯೇ ಮೇಲ್ಮಟ್ಟದ ವಿದ್ಯೆಯನ್ನು ಕೊಡಬೇಕೆಂದು ಕೇಂದ್ರ ಸರಕಾರವು 1956ರಿಂದ ಗ್ರಾಮೀಣ ವಿದ್ಯಾಸಂಸ್ಥೆಗಳ ಯೋಜನೆಯನ್ನು ಹಮ್ಮಿಕೊಂಡಿತು. ಇಡೀ ಭಾರತದಲ್ಲಿ ಬೆರಳೆಣಿಕೆಯ ಊರುಗಳಿಗೆ ಲಭಿಸಿದ ಈ ಸಂಸ್ಥೆಗಳಲ್ಲಿ ಮುಂದೆ ನಮ್ಮ ರಾಣೇಬೆನ್ನೂರು ತಾಲೂಕಿನ ಹನುಮನಮಟ್ಟಿಯೂ ಸೇರಿತು. ಈಗ ಅದೇ ಹನುಮನಮಟ್ಟಿಯಲ್ಲಿ, 1986ರಲ್ಲಿ ಸ್ಥಾಪಿತವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ಕಾಲೇಜೂ ಕೃಷಿ ವಿಜ್ಞಾನ ಕೇಂದ್ರವೂ ನಡೆಯುತ್ತಿವೆ. ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಕೆಲವು ತಿಂಗಳು ಹಳ್ಳಿಯಲ್ಲಿದ್ದು ಒಕ್ಕಲಿಗರ ಬದಿಯಲ್ಲಿ ನಿಂತು ಕಲಿಯಬೇಕೆಂಬ ನಿಯಮವಿದೆ. ಪುಸ್ತಕದಲ್ಲಿ ಓದಿದ ಬೀಜೋಪಚಾರವನ್ನು ಹೊಲದ ಬದುವಿನಲ್ಲಿ ಮಾಡಿ ತೋರಿಸಬೇಕಾದಾಗ ಆ ವಿದ್ಯಾರ್ಥಿಯು ಗುರುವೂ ಹೌದು, ಶಿಷ್ಯನೂ ಹೌದು.

ಒಂದು ವರ್ಷದ ಲೆಕ್ಕ

ಈಗ ಅಳತೆಯ ಮಾತಿಗೆ ಬರೋಣ. ರಾಷ್ಟ್ರೀಯ ಸೇವಾ ಯೋಜನೆಯ ಕ್ರಮದಂತೆ ಒಬ್ಬ ಸ್ವಯಂಸೇವಕನು ವರ್ಷಕ್ಕೆ 120 ತಾಸು, ಎರಡು ವರ್ಷಕ್ಕೆ 240 ತಾಸು ದುಡಿಯಬೇಕು. ಆ 120ರಲ್ಲಿ 20 ತಾಸು ತಿಳಿವಳಿಕೆಯ ಪಾಠಕ್ಕೆ, 30 ತಾಸು ಕಾಲೇಜಿನ ಅಂಗಳದ ಕೆಲಸಕ್ಕೆ, ಉಳಿದ 70 ತಾಸು ಊರಿನ ಕೆಲಸಕ್ಕೆ ಎಂದು ಹಂಚಿಕೆಯಿದೆ. 70 ತಾಸನ್ನು ವರ್ಷದ ದಿನಗಳಿಗೆ ಹಂಚಿದರೆ ದಿನಕ್ಕೆ ಹನ್ನೆರಡು ಮಿನಿಟೂ ಆಗುವದಿಲ್ಲ. ನಿಷ್ಠೆಯ ಭಕ್ತನೊಬ್ಬನು ಇಷ್ಟಲಿಂಗಪೂಜೆಗೆ ಕೂಡುವ ಹೊತ್ತಿಗಿಂತಲೂ ಇದು ಕಡಿಮೆ. ಇದನ್ನು ಭಾರವೆಂದು ಯಾವ ವಿದ್ಯಾರ್ಥಿಯೂ ಹೇಳಲಾರನು.

ಆದರೆ ಹನಿ ಕೂಡಿ ಹಳ್ಳವಾಗುವ ರೀತಿಯನ್ನು ನೋಡಿರಿ. ಒಂದು ಘಟಕದಲ್ಲಿ 100 ಮಂದಿ ಸ್ವಯಂಸೇವಕರು. ಅವರ 70 ತಾಸುಗಳನ್ನು ಕೂಡಿಸಿದರೆ 7,000 ತಾಸು. ದಿನಕ್ಕೆ ಎಂಟು ತಾಸಿನ ದುಡಿಮೆಯೆಂದು ಎಣಿಸಿದರೆ 875 ಆಳಿನ ಕೆಲಸ. ಇದಲ್ಲದೆ ವರ್ಷಕ್ಕೊಮ್ಮೆ ಏಳು ದಿವಸದ ವಿಶೇಷ ಶಿಬಿರವಿರುವದು. ಘಟಕದ ಅರ್ಧದಷ್ಟು, ಅಂದರೆ 50 ಮಂದಿ, ಒಂದು ಊರಿನಲ್ಲಿ ವಾಸ ಮಾಡುವರು. ಇಷ್ಟು ಎಳೆಯ ತೋಳುಗಳ ಬಲವು ಒಂದು ಊರಿಗೆ ಸರಿಯಾಗಿ ಒದಗಿದರೆ ಹೂಳು ತುಂಬಿದ ಕಾಲುವೆಯೊಂದು ತೆರವಾಗದೆ ಇರದು.

ಕಾಲೇಜಿನ ವರ್ಷವು ಮಳೆಗಾಲದೊಡನೆ ಮೊದಲಾಗುವದು ನಮ್ಮ ಸೀಮೆಗೆ ಅನುಕೂಲವೇ ಆಗಿದೆ. ಮೃಗಶಿರೆ ಆರಿದ್ರೆಗಳ ಮಳೆಗೆ ಗಿಡ ನೆಡುವ ಕೆಲಸ. ಸಪ್ಟೆಂಬರ 24ರ ಯೋಜನೆಯ ದಿನದಿಂದ ಅಕ್ಟೋಬರ 2ರ ಗಾಂಧಿಜಯಂತಿಯವರೆಗೆ ಊರು ಬಳಿಯುವ ಕೆಲಸ, ರಕ್ತದಾನ, ಆರೋಗ್ಯದ ತಪಾಸಣೆ. ವರದೆ, ಕುಮುದ್ವತಿ, ತುಂಗಭದ್ರೆಗಳು ಉಕ್ಕಿದ ವರ್ಷ ಬೇರೆಯೇ ಕೆಲಸ. 2019ರ ಆಗಸ್ಟಿನಲ್ಲಿ ಹಾವೇರಿ ಜಿಲ್ಲೆಯ ನದೀದಂಡೆಯ ಊರುಗಳು ನೆರೆಯಲ್ಲಿ ಮುಳುಗಿದಾಗ ಹೊದಿಕೆಯನ್ನೂ ಕಾಳನ್ನೂ ಹೊತ್ತೊಯ್ಯುವ ಕೈಗಳು ಎಷ್ಟಿದ್ದರೂ ಸಾಲದಾಗಿದ್ದವು. ಮುಂಗಾರಿನ ರಾಶಿ ಮುಗಿದು ಕಣಗಳು ಬರಿದಾದ ಮೇಲೆ ಶಿಬಿರದ ಕಾಲ. ಸಾಲೆಯ ಕೋಣೆಯಲ್ಲೋ ಗುಡಿಯ ಪ್ರಾಂಗಣದಲ್ಲೋ ವಾಸ. ಮುಂಜಾನೆ ಪ್ರಭಾತಫೇರಿ, ಬಿಸಿಲೇರುವವರೆಗೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಊರವರೆದುರು ಹಾಡು ನಾಟಕಗಳು.

ಇವುಗಳ ಹೊರತು ಕಣ್ಣಿಗೆ ಬೀಳದ ಸೇವೆಗಳೇ ಹೆಚ್ಚು ಬೆಲೆಯುಳ್ಳವೆಂದು ಹೇಳಬೇಕು. ಬ್ಯಾಡಗಿಯ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಿರಿ. ಬಣ್ಣ ಹೆಚ್ಚು, ಕಾರ ಕಡಿಮೆ ಎಂಬ ಗುಣದಿಂದ ಲೋಕದಲ್ಲೆಲ್ಲ ಹೆಸರಾದ ಈ ಬೆಳೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯು ದೊರಕಿತು. ಆದರೆ ಹಸಿ ನೆಲದ ಮೇಲೆ ಹರಡಿ ಒಣಗಿಸಿದ ಕಾಯಿಗೆ ತೇವವು ತಾಕಿ ಬೂಷ್ಟು ಹಿಡಿದರೆ ಅದರಲ್ಲಿ ವಿಷವು ಹುಟ್ಟುವದೆಂದೂ ಅಂಥ ಮಾಲನ್ನು ಪರದೇಶದವರು ತಿರಸ್ಕರಿಸುವರೆಂದೂ ವಿಜ್ಞಾನವನ್ನೋದಿದ ವಿದ್ಯಾರ್ಥಿಗೆ ಗೊತ್ತು. ತಾಡಪತ್ರಿಯನ್ನು ಹಾಸಿ ಒಣಗಿಸುವ ರೂಢಿಯನ್ನು ಹತ್ತು ಮನೆಗಳಿಗೆ ತಿಳಿಸಿಕೊಟ್ಟವನು ಹತ್ತು ಭಾಷಣ ಮಾಡಿದವನಿಗಿಂತ ಮೇಲು. ಪಹಣಿಯನ್ನು ಓದಿ ಹೇಳುವವನು, ಮುದುಕಿಯ ವೇತನದ ಅರ್ಜಿಯನ್ನು ತುಂಬಿ ಕೊಡುವವನು, ಬ್ಯಾಂಕಿನ ಕಾಗದದಲ್ಲಿ ಬಡ್ಡಿಯ ದರವೆಷ್ಟಿದೆಯೆಂದು ತೋರಿಸುವವನು, ಹೆರಿಗೆಯ ಪೂರ್ವದಲ್ಲಿ ಆಸ್ಪತ್ರೆಗೆ ಹೋಗಿರೆಂದು ಮನೆಯೊಳಗಿನ ಹೆಣ್ಣುಮಕ್ಕಳಿಗೆ ತಾನೂ ಹೆಣ್ಣಾಗಿ ಹೇಳಬಲ್ಲ ವಿದ್ಯಾರ್ಥಿನಿಯು, ಇವರೇ ನಿಜವಾದ ಸ್ವಯಂಸೇವಕರು. ಇವರ ಕೆಲಸಕ್ಕೆ ಸಲಿಕೆ ಬೇಡ, ಛಾಯಾಚಿತ್ರವೂ ಬೇಡ.

ಕೊರತೆ ಎಲ್ಲಿ

ಇಷ್ಟೆಲ್ಲ ಇದ್ದರೂ, ಬಂದರು, ಹಾಡಿದರು, ಹೋದರು ಎಂದು ಊರವರು ಅಂದರೆ ಅದನ್ನು ಕೃತಘ್ನತೆಯೆಂದು ತಿಳಿಯಲಾಗದು. ಈ ವರ್ಷ ಒಂದೂರಿನಲ್ಲಿ ನೆಟ್ಟ ಗಿಡಕ್ಕೆ ಬೇಸಿಗೆಯಲ್ಲಿ ನೀರೆರೆಯುವವರಿಲ್ಲ. ಏಕೆಂದರೆ ಶಿಬಿರವು ಬರುವ ವರ್ಷ ಬೇರೊಂದೂರಿಗೆ. ಊರಿಗೆ ಬೇಕಾದದ್ದು ಕುಡಿಯುವ ನೀರಿನ ಪರೀಕ್ಷೆ. ಶಿಬಿರವು ಮಾಡಿದ್ದು ಗುಡಿಯ ಮುಂದಿನ ದಾರಿಯ ಸಪಾಟು. ಕಾರ್ಯಕ್ರಮಾಧಿಕಾರಿಯಾದ ಶಿಕ್ಷಕನಿಗೆ ಪಾಠದ ಹೊರೆಯ ಮೇಲೆ ಇದೊಂದು ಹೊರೆ. ಅವನಿಗೆ ಊರಿನ ಪರಿಚಯವಾಗುವಷ್ಟರಲ್ಲಿ ಅವನ ಸರದಿ ಮುಗಿಯುವದು. ವಿದ್ಯಾರ್ಥಿಯಂತೂ ಮೂರು ವರ್ಷದ ಅತಿಥಿ.

ಇದಕ್ಕಿಂತ ಆಳವಾದ ಕೊರತೆಯೊಂದಿದೆ. ಕಾಲೇಜು ಒಂದು ಕೈಯಿಂದ ವಾರವೊಂದರ ಸೇವೆಯನ್ನು ಊರಿಗೆ ಕೊಡುವಾಗ ಇನ್ನೊಂದು ಕೈಯಿಂದ ಊರಿನ ಬುದ್ಧಿವಂತ ಮಕ್ಕಳನ್ನು ಜನ್ಮವಿಡೀ ಪಟ್ಟಣಕ್ಕೆ ಕರೆದೊಯ್ಯುತ್ತಿದೆ. ಓದಿದ ಮಗನು ಬೆಂಗಳೂರಿಗೆ ಹೋದನೆಂದು ತಂದೆಯು ಹೆಮ್ಮೆಪಡುವನು. ಅದೇ ತಂದೆಯು ಮುಪ್ಪಿನಲ್ಲಿ ಪಹಣಿಯನ್ನು ಹಿಡಿದು ಅದನ್ನು ಓದುವವರನ್ನು ಹುಡುಕುವನು. ಹೊಟ್ಟೆಯ ಪಾಡಿಗಾಗಿ ಹೋದವರನ್ನು ನಿಂದಿಸುವದು ನ್ಯಾಯವಲ್ಲ. ಆದರೆ ಹೋಗುವವನಿಗೆ ತಾನು ಯಾರ ಕಾಳಿನಿಂದ ಓದಿದೆನೆಂಬ ಅರಿವಾದರೂ ಇರಬೇಕು. ಸೇವೆಯ ಆ 70 ತಾಸುಗಳಿಂದ ಊರಿಗೆ ಆಗುವ ಲಾಭಕ್ಕಿಂತ, ವಿದ್ಯಾರ್ಥಿಯ ಹೃದಯದಲ್ಲಿ ಈ ಅರಿವು ಮೂಡಿದರೆ ಆಗುವ ಲಾಭವೇ ಹೆಚ್ಚಿನದು. ಅದು ಮೂಡದೆ ಹೋದರೆ ಸೇವೆಯು ಅಂಕಪತ್ರದ ಒಂದು ಸಾಲಾಗಿ ಮುಗಿಯುವದು.

ಮಠದ ಭಾಗ

ಈ ಕೊರತೆಯನ್ನು ನೀಗುವ ಶಕ್ತಿಯು ಎಲ್ಲಿದೆಯೆಂದು ವಿಚಾರಿಸಿದರೆ ಇತಿಹಾಸವು ಮತ್ತೆ ಮಠದ ಕಡೆಗೇ ಬೆರಳು ಮಾಡುತ್ತದೆ. ವಿದ್ಯಾರ್ಥಿಯು ಹೋಗುವನು, ಶಿಕ್ಷಕನು ಬದಲಾಗುವನು, ಅಧಿಕಾರಿಯು ವರ್ಗವಾಗುವನು. ಮಠವು ಅಲ್ಲಿಯೇ ಇರುವದು. 1997ರ ಆಗಸ್ಟ 24ರಂದು ಹಾವೇರಿಯು ಸ್ವತಂತ್ರ ಜಿಲ್ಲೆಯಾಯಿತು. ಜಿಲ್ಲೆಯ ಗಡಿಗಳು ಬದಲಾದರೂ ಭಕ್ತರ ಮನೆಗಳಿಗೂ ಮಠಕ್ಕೂ ಇರುವ ದಾರಿಗಳು ಬದಲಾಗಲಿಲ್ಲ. ಯಾವ ಮನೆಯಲ್ಲಿ ಕಾಯಿಲೆಯವರಿದ್ದಾರೆ, ಯಾವ ಹುಡುಗಿಯು ಸಾಲೆ ಬಿಟ್ಟಳು, ಯಾವ ಓಣಿಯ ಬಾವಿಯು ಕೆಟ್ಟಿತು ಎಂಬುದು ಮಠಕ್ಕೆ ತಿಳಿದಷ್ಟು ಬೇರಾವ ಕಚೇರಿಗೂ ತಿಳಿಯದು.

ಆದುದರಿಂದ ಮೂರು ಮಾತುಗಳನ್ನು ಭಕ್ತಸಮೂಹದ ಮುಂದೆ ವಿನಯಪೂರ್ವಕವಾಗಿ ಇಡುವದಿದೆ. ಮೊದಲನೆಯದು, ಶಿಬಿರದ ಕೆಲಸವನ್ನು ಊರೇ ಆರಿಸಲಿ. ಶಿಬಿರಕ್ಕೆ ಒಂದು ತಿಂಗಳು ಮುಂಚೆ ಊರ ಹಿರಿಯರೂ ಹೆಣ್ಣುಮಕ್ಕಳೂ ಕೂಡಿ, ನಮಗೆ ಬೇಕಾದದ್ದು ಇದು ಎಂದು ಕಾಲೇಜಿಗೆ ತಿಳಿಸಲಿ. ಆ ಸಭೆಯು ಮಠದ ಅಂಗಳದಲ್ಲಿ ಕೂಡಲಿ, ಎಲ್ಲ ಓಣಿಯವರೂ ಎಲ್ಲ ಮತದವರೂ ಅಲ್ಲಿಗೆ ಬರಲಿ. ಎರಡನೆಯದು, ಒಂದು ಕಾಲೇಜು ಒಂದು ಊರನ್ನು ಹಿಡಿದರೆ ಐದು ವರ್ಷವಾದರೂ ಕೈಬಿಡದಿರಲಿ. ಒಂದು ವರ್ಷದ ಸೇವೆಗೆ ಮುಂದಿನ ವರ್ಷದ ಸೇವೆಯೇ ಕಾವಲು. ಮೂರನೆಯದು, ಮಾಡಿದ್ದರ ಲೆಕ್ಕವನ್ನು ಬರೆದ ವಹಿಯೊಂದು ಮಠದಲ್ಲಿರಲಿ. ನೆಟ್ಟ ಗಿಡಗಳೆಷ್ಟು, ಬದುಕಿದವೆಷ್ಟು. ಅಕ್ಷರ ಕಲಿಸಿದ್ದು ಎಷ್ಟು ಮಂದಿಗೆ, ಈಗಲೂ ಓದುತ್ತಿರುವವರೆಷ್ಟು ಎಂದು ವರ್ಷವರ್ಷವೂ ಅದರಲ್ಲಿ ಬರೆಯಲಿ. ಬಳ್ಳಿಗಾವೆಯ ಆಚಾರ್ಯರು ತಮ್ಮ ಮಠದ ಕಾರ್ಯವನ್ನು ಕಲ್ಲಿನ ಮೇಲೆ ಬರೆಯಿಸಿದುದರಿಂದಲೇ ನಾವಿಂದು ಅದನ್ನು ಅರಿತೆವು. ನಮಗೆ ಕಲ್ಲು ಬೇಡ, ಕಾಗದವೇ ಸಾಕು. ಆದರೆ ಬರೆದದ್ದು ಸತ್ಯವಾಗಿರಬೇಕು.

ಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ಈಗ ದೂರದ ಊರುಗಳಲ್ಲಿ ಒಳ್ಳೆಯ ಸ್ಥಿತಿಯಲ್ಲಿರುವ ಶಿಷ್ಯರೂ ಈ ಸಂಪುಟವನ್ನು ಓದುವರೆಂದು ನಂಬುವೆನು. ಅವರಲ್ಲಿ ಪ್ರಾರ್ಥನೆಯಿಷ್ಟೇ. ಉತ್ಸವಕ್ಕೆ ಕಾಣಿಕೆಯನ್ನು ಕಳಿಸುವದು ಒಳ್ಳೆಯದೇ. ಅದರೊಡನೆ ವರ್ಷಕ್ಕೆ ಏಳು ದಿವಸ ತಾವೇ ಬಂದು, ಕಲಿತ ವೈದ್ಯವನ್ನೋ ಕಾಯಿದೆಯನ್ನೋ ಲೆಕ್ಕವನ್ನೋ ಊರಿನ ಕಟ್ಟೆಯ ಮೇಲೆ ಕುಳಿತು ಹಂಚಿದರೆ, ಹದಿನೆಂಟರ ಹರೆಯದ ವಿದ್ಯಾರ್ಥಿಗೆ ಅದಕ್ಕಿಂತ ದೊಡ್ಡ ಪಾಠವಿರಲಾರದು.

ಹರಳಹಳ್ಳಿಯ ಬಾಲಕನು ಜೋಳಿಗೆಯನ್ನು ಹಿಡಿದು ಹೊರಟಾಗ ನಮ್ಮ ಊರುಗಳಲ್ಲಿ ಕಾಲೇಜು ಇರಲಿಲ್ಲ, ಕೊಡುವ ಕೈ ಇತ್ತು. ಇಂದು ಕಾಲೇಜುಗಳಿವೆ, ಆ ಕೈಗಳಿಗೆ ಮರಳಿ ಏನನ್ನು ಕೊಡುವೆವು ಎಂಬುದಷ್ಟೇ ಉಳಿದ ಪ್ರಶ್ನೆ. ಅದಕ್ಕೆ ಉತ್ತರವನ್ನು ಬರೆಯುವ ಭಾರವು ಈಗ ಓದುತ್ತಿರುವ ಮಕ್ಕಳ ಮೇಲೆಯೂ ಅವರನ್ನು ಓದಿಸುತ್ತಿರುವ ನಮ್ಮೆಲ್ಲರ ಮೇಲೆಯೂ ಇರುತ್ತದೆ. ಆ ಭಾರವನ್ನು ಹೊರುವ ಬಲವನ್ನು ಪರಶಿವನು ಎಲ್ಲರಿಗೂ ಕರುಣಿಸಲಿ.

ಮಂಗಳಮಸ್ತು.